ಮೈಕ್ ಕೊಳ್ಳುವ ಮುನ್ನ ಫ್ಯಾನ್ ಆರಿಸಿ

ವಿದುರಾಶ್ವತ್ಥ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಮನೆಯ ಒಂದು ಕೋಣೆಯನ್ನೇ ಸ್ಟುಡಿಯೋ ಮಾಡಲು ಹೊರಟಿರುವ ಹುಡುಗ ಹುಡುಗಿಯರಿಗೆ,



ತತ್ವಪದ ಹಾಡುವವರು, ಭಜನೆ ಮಂಡಳಿಯವರು, ಸಿನಿಮಾ ಹಾಡಿಗೆ ತಮ್ಮ ದನಿ ಕೂಡಿಸುವವರು, ಊರಿನ ಕಥೆಗಳನ್ನು ಪಾಡ್‌ಕಾಸ್ಟ್ ಮಾಡಬೇಕೆಂದಿರುವವರು, ನೀವೆಲ್ಲ ಕೇಳುವುದು ಒಂದೇ ಪ್ರಶ್ನೆ: ‘ಯಾವ ಕಂಡೆನ್ಸರ್ ಮೈಕ್ ತಗೊಳ್ಳಲಿ?’ ಒಬ್ಬೊಬ್ಬರಿಗೆ ಒಂದೊಂದು ಸಲ ಹೇಳುವ ಬದಲು ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ. ನಾನು ಹೇಳಬೇಕಿರುವುದು ಇಷ್ಟೇ. ಮೊದಲು ಹಾಡುವವರು, ಆಮೇಲೆ ಕೋಣೆ, ಕೊನೆಗೆ ಮೈಕ್. ಈಗ ಈ ಸಾಲು ತಲೆಕೆಳಗಾಗಿ ನಿಂತಿದೆ. ವರ್ಷವಿಡೀ ದುಡ್ಡು ಕೂಡಿಹಾಕಿ ಮೈಕ್ ತರಿಸುತ್ತೀರಿ. ಅದು ಬಂದ ದಿನ ಅದರೊಳಗೆ ಪಕ್ಕದ ಮನೆಯ ಮಿಕ್ಸಿ, ತಲೆಯ ಮೇಲಿನ ಫ್ಯಾನು, ಹೊಲದ ಮೋಟ್ರು ಎಲ್ಲ ಕೇಳಿಸಿ ‘ಮೈಕ್ ಸರಿಯಿಲ್ಲ’ ಎಂದು ವಾಪಸ್ ಕಳಿಸುತ್ತೀರಿ. ಮೈಕ್ ಸರಿಯಾಗಿಯೇ ಇತ್ತು. ಅಲ್ಲಿ ಏನಿತ್ತೋ ಅದನ್ನು ಕೇಳಿಸಿಕೊಂಡಿತು.

ಕೇಳಿಸಿಕೊಳ್ಳುವ ವಿದ್ಯೆಗೆ ನಮ್ಮ ಸೀಮೆ ಹೊಸದಲ್ಲ. 1960ರ ದಶಕದ ನಡುವಿನಲ್ಲಿ ಇಂದಿನ ಭಾಭಾ ಅಣು ಸಂಶೋಧನಾ ಕೇಂದ್ರದವರು ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರದ ಜೊತೆ ಸೇರಿ ಗೌರಿಬಿದನೂರಿನ ಸುತ್ತ ಭೂಕಂಪಮಾಪಕಗಳನ್ನು ನೆಟ್ಟರು. ಎರಡು ಉದ್ದನೆಯ ತೋಳುಗಳಲ್ಲಿ ಒಟ್ಟು 20 ಮಾಪಕಗಳು. ಜಗತ್ತಿನ ಯಾವ ಮೂಲೆಯಲ್ಲಿ ನೆಲದಡಿ ಅಣುಬಾಂಬು ಸಿಡಿದರೂ ಅದರ ನಡುಕ ಇಲ್ಲಿಗೆ ತಲುಪಬೇಕು ಎಂಬುದು ಉದ್ದೇಶ. ನಮ್ಮ ಕಾಲಡಿಯ ಹಳೆಯ ಗಟ್ಟಿ ಬಂಡೆ, ಕಡಲಬ್ಬರದಿಂದ ದೂರವಿರುವ ನೆಲ, ಅಂಥ ಕೆಲಸಕ್ಕೆ ಹೇಳಿ ಮಾಡಿಸಿದ ಜಾಗ. 1976ರಲ್ಲಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಯವರು ಇದೇ ಗೌರಿಬಿದನೂರಿನ ಬಯಲಲ್ಲಿ ಸಾವಿರ ಆಂಟೆನಾಗಳ ರೇಡಿಯೋ ದೂರದರ್ಶಕ ಎಬ್ಬಿಸಿದರು. ಆಕಾಶದಿಂದ ಬರುವ 34.5 ಮೆಗಾಹರ್ಟ್ಸ್‌ನ ಕ್ಷೀಣ ಸಂಕೇತಗಳನ್ನು ಹಿಡಿಯುವುದು ಅದರ ಕೆಲಸವಾಗಿತ್ತು. ಈ ಎರಡೂ ತಂಡಗಳು ನಡೆದುಕೊಂಡ ಕ್ರಮವನ್ನು ಗಮನಿಸಿ. ಮೊದಲು ಗದ್ದಲ ಕಡಿಮೆ ಇರುವ ಜಾಗ ಹುಡುಕಿದರು. ಉಪಕರಣ ಇಟ್ಟಿದ್ದು ಆಮೇಲೆ. ಅಂಥ ಊರಿನಲ್ಲಿ ಹುಟ್ಟಿದ ನಾವು ಗದ್ದಲದ ನಡುವೆ ಮೈಕ್ ಇಟ್ಟು, ಆಮೇಲೆ ಸದ್ದು ಅಳಿಸುವ ಸಾಫ್ಟ್‌ವೇರ್ ಹುಡುಕುತ್ತಾ ಕೂರುವುದು ನನಗೆ ಬೇಸರ ತರಿಸುತ್ತದೆ. ಆ ಸಾಫ್ಟ್‌ವೇರ್ ಫ್ಯಾನಿನ ಸದ್ದಿನ ಜೊತೆಗೆ ಹಾಡುವವರ ಉಸಿರನ್ನೂ, ಸಾಲಿನ ಕೊನೆಯಲ್ಲಿ ಕರಗುವ ಸ್ವರವನ್ನೂ ತಿಂದುಹಾಕುತ್ತದೆ.

ಕಂಡೆನ್ಸರ್ ಮೈಕಿನೊಳಗೆ ಏನಿದೆ ಎಂದು ಒಮ್ಮೆ ತಿಳಿದುಕೊಂಡರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. 1916ರಲ್ಲಿ ಅಮೆರಿಕದ ಇ. ಸಿ. ವೆಂಟೆ ಇದನ್ನು ರೂಪಿಸಿದ. ಒಂದು ಲೋಹದ ತಟ್ಟೆ, ಅದರ ಮುಂದೆ ಕೂದಲೆಳೆಯಷ್ಟೂ ಇಲ್ಲದ ಸಂದಿ ಬಿಟ್ಟು ಬಿಗಿದ ಒಂದು ಪೊರೆ. ಇವತ್ತಿನ ಸ್ಟುಡಿಯೋ ಮೈಕುಗಳಲ್ಲಿ ಈ ಪೊರೆ ಚಿನ್ನದ ಲೇಪವಿರುವ ಪ್ಲಾಸ್ಟಿಕ್ ಹಾಳೆ, ದಪ್ಪ ಕೆಲವೇ ಮೈಕ್ರಾನ್. ಶಿಡ್ಲಘಟ್ಟದ ಗೂಡಿನಿಂದ ಬಿಚ್ಚಿದ ಒಂಟಿ ರೇಷ್ಮೆ ಎಳೆಯನ್ನು ಕಣ್ಣ ಮುಂದೆ ತಂದುಕೊಳ್ಳಿ, ಈ ಪೊರೆ ಅದಕ್ಕಿಂತಲೂ ತೆಳು. ದನಿ ತಾಕಿದಾಗ ಪೊರೆ ಅಲುಗುತ್ತದೆ, ತಟ್ಟೆಗೂ ಪೊರೆಗೂ ನಡುವಿನ ಅಂತರ ಬದಲಾಗುತ್ತದೆ, ಅದರೊಡನೆ ವಿದ್ಯುತ್ ಸಂಕೇತವೂ ಏರಿಳಿಯುತ್ತದೆ. ಇದಕ್ಕೆ ಹೊರಗಿನಿಂದ ಕರೆಂಟ್ ಬೇಕು. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೋ ಇಂಟರ್ಫೇಸಿನ ಮೇಲೆ ‘48 ವೋಲ್ಟ್’ ಎಂದು ಬರೆದ ಗುಂಡಿ ಇರುವುದು ಇದಕ್ಕೇ. ಫ್ಯಾಂಟಮ್ ಪವರ್ ಅನ್ನುವುದು ಅದನ್ನೇ. ಕಂಪ್ಯೂಟರಿನ ಇಯರ್‌ಫೋನ್ ತೂತಿಗೆ ನೇರ ಸಿಕ್ಕಿಸುವ, ದೊಡ್ಡ ಜಾಳಿಗೆಯ ಅಗ್ಗದ ಮೈಕುಗಳ ಡಬ್ಬಿಯ ಮೇಲೂ ‘ಸ್ಟುಡಿಯೋ ಕಂಡೆನ್ಸರ್’ ಎಂದೇ ಬರೆದಿರುತ್ತದೆ. ಬಿಚ್ಚಿ ನೋಡಿದರೆ ಅಷ್ಟು ದೊಡ್ಡ ಜಾಳಿಗೆಯ ಹಿಂದೆ ಬೆರಳುಗುರಿನಷ್ಟು ಅಗಲದ ಒಂದು ಪುಟ್ಟ ಬಿಲ್ಲೆ ಕೂತಿರುತ್ತದೆ. ಅದಕ್ಕೆ ದುಡ್ಡು ಹಾಕಬೇಡಿ. ಅಷ್ಟೇ ಕೆಲಸ ಮಾಡುವ ಮೈಕ್ ಈಗಾಗಲೇ ನಿಮ್ಮ ಫೋನಿನಲ್ಲಿದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಈಗ ಕೋಣೆಯ ವಿಚಾರ. ನಮ್ಮ ಕಡೆ ಹೊಸ ಮನೆ ಕಟ್ಟಿದರೆ ಕೋಣೆ ಹತ್ತಕ್ಕೆ ಹತ್ತು ಅಡಿ, ಎತ್ತರವೂ ಹತ್ತು ಅಡಿ. ರೆಕಾರ್ಡಿಂಗಿಗೆ ಇದಕ್ಕಿಂತ ಕೆಟ್ಟ ಅಳತೆ ಇಲ್ಲ. ಮೂರು ಕಡೆಯ ಅಳತೆಯೂ ಒಂದೇ ಆದಾಗ ಸುಮಾರು 56 ಹರ್ಟ್ಸ್ ಮತ್ತು ಅದರ ಮಡಿಗಳಲ್ಲಿ ಗೋಡೆಗಳು ಒಟ್ಟಾಗಿ ಗುಂಯ್‌ಗುಡುತ್ತವೆ. ಗಂಡಸಿನ ದನಿಯ ಕೆಳಗಿನ ಸ್ವರಗಳೂ ಶ್ರುತಿಯೂ ಬೀಳುವುದು 112ರ ಆಸುಪಾಸಿನಲ್ಲೇ. ಒಂದು ಸ್ವರ ಉಬ್ಬಿ ಕೇಳುತ್ತದೆ, ಅದರ ಪಕ್ಕದ್ದು ಸೊರಗುತ್ತದೆ. ಚಿಂತಾಮಣಿ, ಚಿಕ್ಕಬಳ್ಳಾಪುರದ ಕಡೆಯ ಕಲ್ಲುಚಪ್ಪಡಿ ಮನೆಗಳಲ್ಲಿ ಬೇರೆ ತೊಂದರೆ. ಅಲ್ಲಿ ಚಪ್ಪಾಳೆ ತಟ್ಟಿದರೆ ಸದ್ದು ಚಪ್ಪಡಿಯಿಂದ ಚಪ್ಪಡಿಗೆ ಪುಟಿಯುತ್ತದೆ. ಮಣ್ಣಿನ ಗೋಡೆಯ ಹಳೆಯ ಮಾಳಿಗೆ ಮನೆ ಇನ್ನೂ ನಿಂತಿದ್ದರೆ, ಅಜ್ಜ ಕಟ್ಟಿದ ಆ ಮನೆಯಲ್ಲೇ ಒಮ್ಮೆ ಹಾಡಿ ನೋಡಿ. ಏರುಪೇರಾದ ಗೋಡೆ, ಗೂಡು, ತೊಲೆ, ಅಟ್ಟದ ಮೇಲಿನ ಸಾಮಾನು ಇವೆಲ್ಲ ಸದ್ದನ್ನು ಒಡೆದು ಹರಡುತ್ತವೆ. ಆರ್‌ಸಿಸಿ ಕೋಣೆಗಿಂತ ಅದು ಎಷ್ಟೋ ಮೇಲು.

ಮೊಟ್ಟೆಯ ಟ್ರೇಗಳನ್ನು ಗೋಡೆಗೆ ಅಂಟಿಸಬೇಡಿ. ಅದರಿಂದ ಹೇಳಿಕೊಳ್ಳುವ ಪ್ರಯೋಜನವಿಲ್ಲ. ತೆಳ್ಳನೆಯ ಫೋಮ್ ತುಂಡುಗಳು ಮೇಲಿನ ಸ್ವರಗಳನ್ನಷ್ಟೇ ಹೀರಿ ಕೋಣೆಯನ್ನು ಮಂಕಾಗಿಸುತ್ತವೆ, ಕೆಳಗಿನ ಗುಂಯ್‌ಗಾಟ ಹಾಗೇ ಉಳಿಯುತ್ತದೆ. ಮನೆಯಲ್ಲಿರುವ ಹತ್ತಿ ಹಾಸಿಗೆ, ಕಂಬಳಿ, ದಪ್ಪ ರಗ್ಗು ಸಾಕು. ಎಲ್ಲಿ ಕಟ್ಟಬೇಕು ಎಂಬುದರಲ್ಲಿ ಮಾತ್ರ ಬಹಳ ಜನ ಎಡವುತ್ತಾರೆ. ಮೈಕಿನ ಹಿಂದೆ ಕಂಬಳಿ ಕಟ್ಟುತ್ತಾರೆ. ನೀವು ಕೊಳ್ಳುವ ಮೈಕ್ ಬಹುಮಟ್ಟಿಗೆ ಕಾರ್ಡಿಯಾಯ್ಡ್ ಜಾತಿಯದು. ಅದು ಮುಂದಿನದನ್ನು ಕೇಳುತ್ತದೆ, ಬೆನ್ನಿನ ಕಡೆಯದನ್ನು ಬಹಳ ಮಟ್ಟಿಗೆ ಬಿಟ್ಟುಬಿಡುತ್ತದೆ. ಅದರ ಮುಂದೆ ಇರುವುದು ಹಾಡುವವರು ಮತ್ತು ಹಾಡುವವರ ಬೆನ್ನ ಹಿಂದಿನ ಗೋಡೆ. ಹಾಸಿಗೆ ಅಲ್ಲಿ ನಿಲ್ಲಬೇಕು, ಗೋಡೆಗೆ ಅಂಟದೆ ಒಂದು ಗೇಣು ಮುಂದಕ್ಕೆ. ಆಮೇಲೆ ಕೋಣೆಯ ನಟ್ಟನಡು ಮತ್ತು ಮೂಲೆ ಎರಡನ್ನೂ ಬಿಟ್ಟು, ಉದ್ದದ ಮೂರನೇ ಒಂದು ಭಾಗದ ಹತ್ತಿರ ಹಾಡುವವರನ್ನು ಕೂರಿಸಿ. ಮೈಕಿನ ಮುಂದೆ ಹಾಡಿದ್ದನ್ನು ಈ ಬದಲಾವಣೆಯ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಕೇಳಿ. ಮೈಕ್ ಬದಲಿಸಿದ್ದಕ್ಕಿಂತ ಹೆಚ್ಚು ವ್ಯತ್ಯಾಸ ಕಾಣುತ್ತದೆ.

ಕೋಣೆಗೆ ಹೊತ್ತೂ ಸೇರಿದೆ. ಬೋರ್‌ವೆಲ್ಲಿಗೆ ತ್ರೀ ಫೇಸ್ ಕರೆಂಟ್ ಬಿಟ್ಟಾಗ ಸುತ್ತಲ ಮೋಟ್ರುಗಳೆಲ್ಲ ಒಮ್ಮೆಗೇ ಹೊರಡುತ್ತವೆ. ವಿದುರಾಶ್ವತ್ಥದಲ್ಲಿ ದೇವಸ್ಥಾನದ ಮೈಕ್ ಸೆಟ್ಟು, ಹಿಂದೂಪುರದ ಕಡೆಗೆ ಹೋಗುವ ರೈಲು, ಹರಕೆಗೆ ಬಂದವರ ಬಸ್ಸು ಎಲ್ಲವೂ ಇವೆ. ಅಶ್ವತ್ಥ ಮರದ ಎಲೆಯ ತೊಟ್ಟು ಉದ್ದ, ಬಳುಕುತ್ತದೆ, ಹಾಗಾಗಿ ಬೇರೆ ಮರಗಳು ಸುಮ್ಮನಿದ್ದಾಗಲೂ ಅದು ಸದ್ದು ಮಾಡುತ್ತದೆ. ಸೂಕ್ಷ್ಮ ಮೈಕ್ ತೆರೆದ ಕಿಟಕಿಯಿಂದ ಅದನ್ನೂ ಎಳೆದುಕೊಳ್ಳುತ್ತದೆ. ಶಿಡ್ಲಘಟ್ಟದ ಕಡೆ ಹುಳ ಸಾಕುವವರ ಮನೆಯಲ್ಲಿ ನಾಲ್ಕನೇ ಜ್ವರ (ಪೊರೆ ಕಳಚುವ ನಿದ್ದೆ) ಎದ್ದ ಹುಳುಗಳು ಹಿಪ್ಪುನೇರಳೆ ಸೊಪ್ಪು ಮೇಯುವ ಚರಪರ ಸದ್ದು ಪಕ್ಕದ ಕೋಣೆಯ ಕಂಡೆನ್ಸರಿಗೆ ಸಿಕ್ಕರೆ ಆಶ್ಚರ್ಯವಿಲ್ಲ. ಅದನ್ನೇ ಬೇಕೆಂದು ರೆಕಾರ್ಡ್ ಮಾಡಿಡಿ, ನಮ್ಮ ಊರಿನ ಸದ್ದು ಅದು. ಆದರೆ ಮೈಕನ್ನು ಹುಳಮನೆಯಲ್ಲಿ ಬಿಟ್ಟು ಬರಬೇಡಿ. ಹುಳಕ್ಕೆ ಬೇಕಾದ ತೇವ ಮೈಕಿಗೆ ಆಗದು. ಪೊರೆಯ ಮೇಲೆ ತೇವ ಕೂತರೆ ಚಿಟಿಚಿಟಿ ಸದ್ದು ಶುರುವಾಗುತ್ತದೆ. ಕೆಲಸ ಮುಗಿದ ಮೇಲೆ ಒರೆಸಿ, ಸಿಲಿಕಾ ಜೆಲ್ ಪೊಟ್ಟಣ ಇಟ್ಟ ಡಬ್ಬಿಗೆ ಸೇರಿಸಿ. ಮೈಕ್ ಆನ್ ಆಗಿದೆಯೇ ಎಂದು ನೋಡಲು ಉಫ್ ಎಂದು ಊದಲೇಬೇಡಿ.

ಕರೆಂಟಿನ ಗುಂಗು ನಮ್ಮ ಸೀಮೆಯಲ್ಲಿ ಹೆಚ್ಚು. ಕಾರಣ ಒಣನೆಲ. ಮಳೆ ಕಡಿಮೆ, ಅಂತರ್ಜಲ ಪಾತಾಳಕ್ಕೆ ಇಳಿದಿದೆ, ಹಾಗಾಗಿ ಮನೆಯ ಅರ್ಥಿಂಗ್ ಕಡ್ಡಿಗೆ ನೆಲ ಸರಿಯಾಗಿ ಸಿಗುವುದೇ ಇಲ್ಲ. ರೆಕಾರ್ಡಿಂಗಿನ ಅಡಿಯಲ್ಲಿ 50 ಹರ್ಟ್ಸ್‌ನ ಹಮ್ ಕೇಳಿಸುತ್ತಿದ್ದರೆ ಮೈಕನ್ನು ಬಯ್ಯುವ ಮುಂಚೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ. ಬಹಳ ಸಲ ಅಷ್ಟಕ್ಕೇ ಹೋಗುತ್ತದೆ. ಹೋಗದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ, ಅರ್ಥಿಂಗ್ ಗುಂಡಿಗೆ ಇದ್ದಿಲು ಉಪ್ಪು ಹಾಕಿಸಿ, ಬೇಸಿಗೆಯಲ್ಲಿ ನೀರು ಹೊಯ್ಯಿರಿ. ಹಮ್ ಹೋಗಲೆಂದು ಪ್ಲಗ್ಗಿನ ಅರ್ಥ್ ಪಿನ್ ಮುರಿಯುವವರನ್ನು ಕಂಡಿದ್ದೇನೆ. ಹಾಡು ಎಷ್ಟೇ ಚೆನ್ನಾಗಿರಲಿ, ಜೀವಕ್ಕಿಂತ ದೊಡ್ಡದಲ್ಲ.

ಇಷ್ಟಾದ ಮೇಲೆ ಮೈಕ್. ಕ್ಯಾಟಲಾಗಿನಲ್ಲಿ ನೀವು ನೋಡಬೇಕಾದ ಅಂಕಿ ಮೈಕಿನದೇ ಸ್ವಂತ ಸದ್ದು, ಅಂದರೆ ಸೆಲ್ಫ್ ನಾಯ್ಸ್. ಆಡಿಯೋ ಟೆಕ್ನಿಕಾ ಎಟಿ 2020ರಲ್ಲಿ ಅದು 20 ಡೆಸಿಬೆಲ್, ಎಟಿ 2035ರಲ್ಲಿ 12, ರೋಡ್ ಎನ್‌ಟಿ 1-ಎನಲ್ಲಿ 5. ಕಾಗದದ ಮೇಲೆ ಇದು ದೊಡ್ಡ ಅಂತರ. ಆದರೆ ಫ್ಯಾನ್ ತಿರುಗುವ ಕೋಣೆಯ ಸದ್ದು 40 ಡೆಸಿಬೆಲ್ ದಾಟಿರುತ್ತದೆ. ಅಲ್ಲಿ 5ಕ್ಕೂ 20ಕ್ಕೂ ಏನೂ ಭೇದವಿಲ್ಲ, ಎರಡೂ ಫ್ಯಾನಿನಡಿ ಮುಳುಗಿ ಹೋಗುತ್ತವೆ. ರಾತ್ರಿ ಊರು ಮಲಗಿದ ಮೇಲೆ, ಕಿಟಕಿ ಮುಚ್ಚಿ, ತಂಬೂರಿ ಇಟ್ಟುಕೊಂಡು ಮೆಲುದನಿಯಲ್ಲಿ ಹಾಡುವವರಿಗೆ ಮಾತ್ರ ಆ 5 ಡೆಸಿಬೆಲ್ಲಿನ ಮೈಕ್ ತನ್ನ ಬೆಲೆ ತೋರಿಸುತ್ತದೆ. ಹಗಲಲ್ಲಿ ಗಟ್ಟಿಯಾಗಿ ಹಾಡುವವರಿಗೆ, ಮಾತನಾಡುವವರಿಗೆ ಎಟಿ 2020 ಸಾಕು, ಉಳಿದ ದುಡ್ಡಿನಲ್ಲಿ ಒಳ್ಳೆಯ ಸ್ಟ್ಯಾಂಡು, ಕೇಬಲ್ಲು, ಪಾಪ್ ಫಿಲ್ಟರ್ ತನ್ನಿ. ಅಲುಗಾಡುವ ಸ್ಟ್ಯಾಂಡಿನ ಮೇಲೆ ದುಬಾರಿ ಮೈಕ್ ಕೂರಿಸುವುದು ನನಗೆ ಸರಿ ಕಾಣುವುದಿಲ್ಲ.

‘ಹಾಗಾದರೆ ಡೈನಾಮಿಕ್ ಮೈಕೇ ವಾಸಿ, ಅದು ಕೋಣೆಯ ಸದ್ದು ಹಿಡಿಯುವುದಿಲ್ಲವಂತೆ’ ಎಂದು ಕೆಲವರು ಹೇಳುತ್ತಾರೆ. ಅರ್ಧ ನಿಜ. ಸಭೆ ಸಮಾರಂಭಗಳಲ್ಲಿ ಕಾಣುವ ಶೂರ್ ಎಸ್‌ಎಂ 58ನಂಥ ಮೈಕನ್ನು ತುಟಿಗೆ ತಾಕುವಷ್ಟು ಹತ್ತಿರ ಹಿಡಿಯುತ್ತೇವೆ, ಅದಕ್ಕೇ ಅದರಲ್ಲಿ ಕೋಣೆ ಕೇಳಿಸುವುದಿಲ್ಲ. ಎರಡೂ ಜಾತಿಯ ಮೈಕನ್ನು ಒಂದೇ ದೂರದಲ್ಲಿಟ್ಟರೆ ದನಿಗೂ ಕೋಣೆಗೂ ಇರುವ ಪ್ರಮಾಣ ಹೆಚ್ಚುಕಡಿಮೆ ಒಂದೇ. ಆಟ ಇರುವುದು ದೂರದಲ್ಲಿ. ದೂರವನ್ನು ಅರ್ಧ ಮಾಡಿದರೆ ದನಿ 6 ಡೆಸಿಬೆಲ್ ಏರುತ್ತದೆ, ಕೋಣೆಯ ಸದ್ದು ಇದ್ದಲ್ಲೇ ಇರುತ್ತದೆ. ಒಂದು ಗೇಣು ದೂರ ಹಾಡುವವರಿಗೆ ಒಳ್ಳೆಯ ಅಳತೆ. ಇನ್ನೂ ಹತ್ತಿರ ಹೋದರೆ ಕಾರ್ಡಿಯಾಯ್ಡ್ ಮೈಕ್ ಕೆಳಸ್ವರಗಳನ್ನು ಉಬ್ಬಿಸುತ್ತದೆ, ದನಿ ಗಡಿಗೆಯೊಳಗಿಂದ ಬಂದ ಹಾಗಾಗುತ್ತದೆ.

ಬಳಸುವಾಗ ಒಂದು ಮಾತು ನೆನಪಿರಲಿ. ದೊಡ್ಡ ಪೊರೆಯ ಇಂಥ ಮೈಕುಗಳಿಗೆ ಹಾಡುವುದು ಪಕ್ಕದಿಂದ, ಮುಂಭಾಗವೆಂದು ಗುರುತು ಮಾಡಿರುವ ಮುಖದ ಕಡೆಯಿಂದ. ಐಸ್ ಕ್ರೀಮಿನ ಹಾಗೆ ತುದಿಗೆ ಬಾಯಿ ಇಟ್ಟು ಹಾಡಿದವರ ರೆಕಾರ್ಡಿಂಗ್ ಎಷ್ಟೋ ಬಂದಿವೆ, ದನಿ ಮಂಕಾಗಿ ಎಲ್ಲೋ ದೂರದಲ್ಲಿ ಇರುತ್ತದೆ. ಕನ್ನಡದ ಪ, ಫ, ಬ, ಭಗಳಲ್ಲಿ ಬಾಯಿಂದ ಗಾಳಿ ನೇರ ಹೊಡೆಯುತ್ತದೆ, ಸ, ಶ, ಷಗಳಲ್ಲಿ ಸೀಟಿ ಹೊಡೆದ ಹಾಗಾಗುತ್ತದೆ. ಮೈಕನ್ನು ಬಾಯಿಯ ನೇರಕ್ಕಿಡದೆ ಮೂಗಿನ ಮಟ್ಟಕ್ಕೆ ಎತ್ತಿ, ಸ್ವಲ್ಪ ಓರೆಯಾಗಿ ಇಡಿ. ಮೈಕ್ ಪರೀಕ್ಷೆಗೆ ‘ಹಲೋ ಒನ್ ಟೂ ತ್ರೀ’ ಬಿಡಿ, ‘ಸುಬ್ರಹ್ಮಣ್ಯ ಷಷ್ಠಿಗೆ ಸಂಪಿಗೆ, ಹಬ್ಬಕ್ಕೆ ಹಪ್ಪಳ’ ಎನ್ನಿ. ಹೊಡೆತ, ಸೀಟಿ, ಳಕಾರದ ಸ್ಪಷ್ಟತೆ ಎಲ್ಲ ಒಂದೇ ಉಸಿರಿನಲ್ಲಿ ಗೊತ್ತಾಗುತ್ತದೆ. ನಮ್ಮ ಗಡಿಯ ಹಾಡುಗಾರರು ಒಂದೇ ಕೂರಿಕೆಯಲ್ಲಿ ತೆಲುಗಿನಿಂದ ಕನ್ನಡಕ್ಕೆ ದಾಟುತ್ತಾರೆ. ಕೈವಾರ ತಾತಯ್ಯನವರು ಎರಡೂ ನುಡಿಗಳಲ್ಲಿ ಪದ ಕಟ್ಟಿದವರು. ಹಾಗಾಗಿ ಎರಡರಲ್ಲೂ ಪರೀಕ್ಷೆ ಮಾಡಿ. ಗೇನನ್ನು ಕೆಂಪು ದೀಪ ಹತ್ತುವವರೆಗೆ ಏರಿಸಬೇಡಿ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡುವಾಗ ಜೋರು ಸ್ವರವೂ ಮೈನಸ್ 12 ಡೆಸಿಬೆಲ್ಲಿನ ಹತ್ತಿರ ನಿಂತರೆ ಸಾಕು, ಆಮೇಲೆ ಏರಿಸಬಹುದು. ಒಡೆದ ಸ್ವರವನ್ನು ಕೂಡಿಸಲಾಗದು.

ತಮಟೆಯವರಿಗೆ ಬೇರೆಯೇ ಹೇಳಬೇಕು. ನಮ್ಮ ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಿದ್ದು ತಮಟೆಗೆ. ಆ ವಾದ್ಯವನ್ನು ಹತ್ತಕ್ಕೆ ಹತ್ತರ ಕೋಣೆಗೆ ತುರುಕಿದರೆ ವಾದ್ಯಕ್ಕೂ ಅನ್ಯಾಯ, ಕಿವಿಗೂ ಅನ್ಯಾಯ. ಕಣಕ್ಕೆ ಹೋಗಿ. ಬೆಂಕಿಗೆ ಹಿಡಿದು ಚರ್ಮ ಬಿಗಿಸಿದ ಮೇಲೆ, ಮೈಕನ್ನು ಎರಡು ಮೂರು ಮಾರು ದೂರಕ್ಕೆ ಒಯ್ದು, ಗಾಳಿ ತಡೆಯಲು ತುಪ್ಪಳದ ಹೊದಿಕೆ ಹಾಕಿ, ಮೈಕಿನಲ್ಲಿ ಮಟ್ಟ ತಗ್ಗಿಸುವ ಪ್ಯಾಡ್ ಗುಂಡಿ ಇದ್ದರೆ ಒತ್ತಿ. ತಮಟೆ ಕೇಳಬೇಕಾದದ್ದೇ ಬಯಲಿನಲ್ಲಿ.

ಮನೆಯಿಂದ ಏನು ತಾನೇ ಆದೀತು ಎನ್ನುವವರು ಮೈಸೂರಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರನ್ನು ನೆನೆಯಬೇಕು. ಮನಶ್ಶಾಸ್ತ್ರದ ಮೇಷ್ಟ್ರು ಅವರು. 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಲ್ಲೇ 30 ವ್ಯಾಟ್‌ನ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ಬಾನುಲಿ ಶುರು ಮಾಡಿದರು. ಆಕಾಶವಾಣಿ ಎಂಬ ಹೆಸರು ದೇಶಕ್ಕೆಲ್ಲ ಹರಡಿದ್ದು ಆ ಮನೆಯಿಂದ.

ಈಗ ಫೋನಿನ ಮಾತು. 1962ರಲ್ಲಿ ಬೆಲ್ ಪ್ರಯೋಗಾಲಯದ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್, ತನ್ನೊಳಗೇ ಚಾರ್ಜ್ ಹಿಡಿದಿಟ್ಟುಕೊಳ್ಳುವ ಪೊರೆಯ ಎಲೆಕ್ಟ್ರೆಟ್ ಮೈಕ್ ಮಾಡಿದರು. ಕ್ಯಾಸೆಟ್ ರೆಕಾರ್ಡರಿನಿಂದ ಟೆಲಿಫೋನಿನವರೆಗೆ ಎಲ್ಲದರೊಳಗೂ ಅದೇ ಸೇರಿತು. ಈಗಿನ ಫೋನುಗಳ ಕಾಳಿನಷ್ಟು ಪುಟ್ಟ ಮೈಕೂ ಅದೇ ಕಂಡೆನ್ಸರ್ ವಂಶದ್ದು. ಅಂದರೆ ನಿಮ್ಮ ಜೇಬಿನಲ್ಲಿ ಒಂದು ಆಗಲೇ ಇದೆ. ಏರೋಪ್ಲೇನ್ ಮೋಡ್ ಹಾಕಿ, ಸದ್ದು ತಗ್ಗಿಸುವ ಆಯ್ಕೆಯನ್ನು ಆಫ್ ಮಾಡಿ, ವೇವ್ ಫೈಲಿನಲ್ಲಿ ರೆಕಾರ್ಡ್ ಮಾಡುವ ಆ್ಯಪ್ ಹಾಕಿಕೊಂಡು, ಫೋನನ್ನು ದಿಂಬಿನ ಮೇಲೆ, ಹಾಡುವ ಅಜ್ಜಿಯಿಂದ ಒಂದು ಮೊಣಕೈ ದೂರದಲ್ಲಿ ಇಡಿ. ಫ್ಯಾನ್ ಆರಿಸಿ. ಇದನ್ನು ಇವತ್ತು ಸಂಜೆಯೇ ಮಾಡಬಹುದು.

ನಾನು ಇಷ್ಟು ಅವಸರ ಪಡಿಸುವುದಕ್ಕೆ ಕಾರಣವಿದೆ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದ ತೋಪಿನಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರೆಷ್ಟು ಎಂಬುದರಲ್ಲಿ ಸರ್ಕಾರದ ಲೆಕ್ಕವೇ ಬೇರೆ, ಜನರ ಲೆಕ್ಕವೇ ಬೇರೆ. ಅಂದು ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತೇಳಾದರೂ ದಾಟಿರಬೇಕು. ಕಣ್ಣಾರೆ ಕಂಡವರ ಕಾಲ ಮುಗಿಯಿತು ಎಂದೇ ಹೇಳಬೇಕು. ಕಂಡವರ ಬಾಯಿಂದ ಕೇಳಿದ ಮಕ್ಕಳು, ಸೊಸೆಯರು ಇನ್ನೂ ಇದ್ದಾರೆ, ಅವರಿಗೂ ವಯಸ್ಸಾಗಿದೆ. ಅಲ್ಲಿನ ಸ್ಮಾರಕವಾದ ವೀರಸೌಧದಲ್ಲಿ ಚಿತ್ರಗಳಿವೆ. ಆ ದಿನ ಸಂತೆಗೆ ಹೊರಟಿದ್ದವರು ಯಾರು, ಮನೆಗೆ ಬಾರದವರಿಗಾಗಿ ರಾತ್ರಿಯೆಲ್ಲ ಕಾದವರು ಯಾರು ಎಂಬುದು ಈ ಮುದುಕರ ಮಾತಿನಲ್ಲಿದೆ, ಅವರ ಮನೆಮಾತಿನ ಕನ್ನಡ–ತೆಲುಗಿನಲ್ಲೇ ಇದೆ. ದೇವಸ್ಥಾನದ ಹಳೆಯ ಅಶ್ವತ್ಥ 2001ರಲ್ಲಿ ಬಿತ್ತು. ಅದರ ಕೆಳಗೆ ಹರಕೆಯ ನಾಗರಕಲ್ಲು ನೆಟ್ಟ ಹೆಂಗಸರು ಹಾಡುತ್ತಿದ್ದ ಪದಗಳು ಈಗ ಯಾರಿಗೆ ಬರುತ್ತವೆ? ಬೀಸುವ ಪದ, ಸೋಬಾನೆ, ಕೋಲಾಟದ ಪದ ಗೊತ್ತಿರುವವರು ನಿಮ್ಮದೇ ಬೀದಿಯಲ್ಲಿ ಎಷ್ಟು ಜನ ಉಳಿದಿದ್ದಾರೆ? ಮೈಕಿಗೆ ದುಡ್ಡು ಹೊಂದಿಸುವ ಹೊತ್ತಿಗೆ ಹಾಡುವವರೇ ಇಲ್ಲದಿದ್ದರೆ ಆ ಐದು ಡೆಸಿಬೆಲ್ ತೆಗೆದುಕೊಂಡು ಏನು ಮಾಡುವುದು?

ಕೊನೆಗೊಂದು ಬೇಡಿಕೆ. ಹೋಬಳಿಗೆ ನಾಲ್ಕೈದು ಜನ ಸೇರಿ ಒಂದೇ ಒಳ್ಳೆಯ ಮೈಕ್, ಒಂದೇ ಇಂಟರ್ಫೇಸ್ ಕೊಳ್ಳಿ, ಸರದಿಯಲ್ಲಿ ಬಳಸಿ. ಪ್ರತಿ ಫೈಲಿನ ಮೊದಲಿಗೆ ಅರ್ಧ ನಿಮಿಷ ಖಾಲಿ ಕೋಣೆಯ ಸದ್ದು ಹಿಡಿಯಿರಿ. ಆಮೇಲೆ ಹಾಡುವವರೇ ತಮ್ಮ ಹೆಸರು, ಊರು, ಪದ ಯಾರಿಂದ ಕಲಿತರು ಎಂಬುದನ್ನು ತಮ್ಮ ದನಿಯಲ್ಲಿ ಹೇಳಲಿ, ಇದನ್ನು ಯಾರಿಗೆ ಕೇಳಿಸಬಹುದು, ಯಾರಿಗೆ ಬೇಡ ಎಂಬ ಒಪ್ಪಿಗೆಯೂ ಅಲ್ಲೇ ಇರಲಿ. ತಪ್ಪು, ಕೆಮ್ಮು, ನಡುವೆ ಬಂದ ಮೊಮ್ಮಗನ ಮಾತು ಯಾವುದನ್ನೂ ಮೂಲ ಫೈಲಿನಿಂದ ಕತ್ತರಿಸಬೇಡಿ, ಕತ್ತರಿಸುವುದೆಲ್ಲ ನಕಲಿನಲ್ಲಿ. ಎರಡು ಬೇರೆ ಬೇರೆ ಜಾಗದಲ್ಲಿ ಇಡಿ. ಮತ್ತು ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ ಹಾಡಿದವರ ಮನೆಗೇ ಕೊಟ್ಟು ಬನ್ನಿ, ನಿಮ್ಮ ಚಾನೆಲ್ಲಿಗೆ ಏರಿಸುವ ಮುಂಚೆ.

ಇಂತಿ ನಿಮ್ಮ ಸೀಮೆಯವನೇ ಒಬ್ಬ